ತವರ ಕೋಣೆ

ಬಾಗಲಕೋಟೆಯ ನವನಗರದಲ್ಲಿ ರಾಜಶ್ರೀಯ ಮನೆಗೆ ಹೋದವರು ಚಹಾ ಕುಡಿಯದೆ ಬರಬಹುದು, ಆದರೆ ಆ ಕೋಣೆ ನೋಡದೆ ಬರುವಂತಿಲ್ಲ. ಮನೆ ಕಟ್ಟಿಸುವಾಗ ಅದು ದೇವರ ಕೋಣೆ. ಆಮೇಲೆ ದೇವರು ಅಡುಗೆಮನೆಯ ಗೂಡಿಗೆ ಹೋದರು, ಕೋಣೆಗೆ ರಾಜಶ್ರೀಯ ತವರಿನ ಸಾಮಾನು ಬಂತು. ಬೀಸುಕಲ್ಲು, ನೀರು ಕಾಯಿಸುವ ತಾಮ್ರದ ಹಂಡೆ, ಹಿತ್ತಾಳೆ ಕೊಡ, ಕಂದೀಲು, ಮಜ್ಜಿಗೆ ಕಡೆಯುವ ಕಡಗೋಲು, ಅವ್ವ ಹೊದೆಯುತ್ತಿದ್ದ ಕರಿ ಕಂಬಳಿ. ಎಲ್ಲದರ ಮೇಲೆ ಹಳದಿ ಬೆಳಕು ಬೀಳುವಂತೆ, ಬಲ್ಬು ಕಾಣದ ಹಾಗೆ ದೀಪ ಹಾಕಿಸಿದ್ದಳು. ಬೀಸುಕಲ್ಲಿನ ಬಾಯಲ್ಲಿ ಪ್ಲಾಸ್ಟಿಕ್ ಹೂವು, ಹಂಡೆಯೊಳಗೆ ಮನಿಪ್ಲಾಂಟ್.

ರಾಜಶ್ರೀ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಾಳೆ. ಬ್ಯಾಂಕಿನ ಗೆಳತಿಯರು ಬಂದಾಗ ಅವರನ್ನು ಕೋಣೆಯ ಬಾಗಿಲಲ್ಲಿ ನಿಲ್ಲಿಸಿ, ಮೊದಲು ದೀಪ ಹಚ್ಚಿ, ಆಮೇಲೆ ಮಾತು ಶುರು ಮಾಡುತ್ತಿದ್ದಳು. “ಇದರಾಗ ನಮ್ಮವ್ವ ರಾಮವ್ವ ಜ್ವಾಳ ಬೀಸಾಕಿ. ನಾ ಬಾಜೂಕ ಕುಂತು ಹಾಡ ಕೇಳ್ತಿದ್ದೆ,” ಎನ್ನುವಾಗ ಆಕೆಯ ಕಣ್ಣಲ್ಲಿ ನೀರು ಬರುತ್ತಿತ್ತು. ಅದು ಸುಳ್ಳು ನೀರಲ್ಲ. ಈ ಕತೆಯಲ್ಲಿ ಆಕೆಯ ಮೇಲೆ ಏನೇ ಹೊರಿಸಿದರೂ ಅವ್ವನ ಮೇಲಿನ ಪ್ರೀತಿ ಖೊಟ್ಟಿಯೆಂದು ಮಾತ್ರ ಹೇಳುವ ಹಾಗಿಲ್ಲ. ನೀರು ಒರೆಸಿಕೊಂಡ ಮೇಲೆ ಬರುತ್ತಿದ್ದ ಮಾತು ಮಾತ್ರ ಬೇರೆ. “ನಾ ತರಲಿಲ್ಲಂದ್ರ ಇವೆಲ್ಲಾ ಗುಜರಿ ಪಾಲಾಗ್ತಿದ್ದವು ನೋಡ್ರಿ. ನಮ್ಮ ವೈನಿಗೆ ಹಳೇ ಸಾಮಾನಿನ ಕಿಮ್ಮತ್ತು ಗೊತ್ತಿಲ್ಲ.”

ಗಂಡ ಕಲ್ಲೇಶ ಈ ಮಾತು ಬಂದಾಗಲೆಲ್ಲ ಪೇಪರಿನ ಹಿಂದೆ ಹೋಗಿಬಿಡುತ್ತಿದ್ದ. ಒಮ್ಮೆ ಮಾತ್ರ, ಹಂಡೆ ಬಂದಿಳಿದ ದಿನ, “ನಿಮ್ಮಪ್ಪನ್ನೊಬ್ಬನ್ನ ಅಲ್ಲೇ ಬಿಟ್ಟು ಬಂದೀಯಲ್ಲ, ಆಂವಾ ಹಳಿ ಸಾಮಾನಲ್ಲೇನು?” ಎಂದಿದ್ದ. ರಾಜಶ್ರೀ ಎರಡು ದಿನ ಅವನ ಸಂಗಡ ಮಾತಾಡಲಿಲ್ಲ.

ಆ ಸಾಮಾನು ಹೇಗೆ ಬಂತು ಎನ್ನುವುದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ರಾಜಶ್ರೀಯ ತವರು ಹುನಗುಂದ ತಾಲೂಕಿನ ರಾಮಥಾಳ. ಅಲ್ಲಿ ಅಪ್ಪ ಹನಮಂತಪ್ಪ, ಅಣ್ಣ ಬೀರಲಿಂಗ, ಅಣ್ಣನ ಹೆಂಡತಿ, ರಾಜಶ್ರೀಯ ವೈನಿ, ಮಾಳವ್ವ ಇದ್ದಾರೆ. ಬೀರಪ್ಪನ ಒಕ್ಕಲು. ಹೊಲಕ್ಕೆ ನೀರು ಬಂದ ಮೇಲೆ ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯುತ್ತಾರೆ, ಆದರೂ ಕುರಿಗಳನ್ನು ಬಿಟ್ಟಿಲ್ಲ. ಆ ಮನೆಯಲ್ಲಿ ಮಗಳು ಬಂದು ಹೋಗುವಾಗ ಉಡಿ ತುಂಬದೆ ಕಳಿಸುವುದಿಲ್ಲ. ಜಗಲಿಯ ಬೀರಪ್ಪನ ಮುಂದೆ ಕೂರಿಸಿ, ಹಣೆಗೆ ಭಂಡಾರದ ಅರಿಷಿಣ ಹಚ್ಚಿ, ಸೆರಗಿನೊಳಗೆ ಅಕ್ಕಿ, ಕಾಯಿ, ಉತ್ತತ್ತಿ, ಅರಿಷಿಣಕೊಂಬು, ಕುಬಸದ ಖಣ ಹಾಕುತ್ತಾರೆ. ಎಲ್ಲ ಮುಗಿದ ಮೇಲೆ ಉಡಿ ತುಂಬಿದವಳು ಒಂದು ಮಾತು ಕೇಳುತ್ತಾಳೆ: “ಮತ್ತೇನ ಬೇಕು, ಕೇಳ ಮಗಳ.” ಮಗಳು, “ನಿಮ್ಮ ನೆಳ್ಳಿದ್ರ ಸಾಕು,” ಎಂದು ತವರಿನ ನೆರಳಷ್ಟೇ ಸಾಕೆನ್ನುತ್ತಾಳೆ. ದೇವರ ಮುಂದೆ ಕೇಳಿದ್ದನ್ನು ಇಲ್ಲ ಎನ್ನುವಂತಿಲ್ಲ, ಹಾಗಾಗಿ ಯಾವ ಮಗಳೂ ಏನನ್ನೂ ಕೇಳುವುದಿಲ್ಲ. ದಾರಿಯಲ್ಲಿ ಸಿಕ್ಕವರು ಊಟ ಆಯಿತೇ ಎಂದರೆ ಹಸಿದವರೂ ಆಯಿತು ಎನ್ನುವುದಿಲ್ಲವೇ, ಅಷ್ಟೇ ಅದು.

ರಾಮವ್ವ ಸತ್ತ ಮೇಲೆ ಮೊದಲ ಸಲ ಮಾಳವ್ವ ಉಡಿ ತುಂಬಿ ಆ ಮಾತು ಕೇಳಿದಾಗ ರಾಜಶ್ರೀ ಅಳುತ್ತ, “ಅವ್ವನ ಕಂಬಳಿ ಕೊಡು ವೈನಿ,” ಎಂದಳು. ಮನೆಯವರೆಲ್ಲ ಅತ್ತರು. ಕಂಬಳಿ ಕೊಟ್ಟರು. ಅದನ್ನು ಯಾರೂ ತಪ್ಪೆಂದು ತಿಳಿಯಲಿಲ್ಲ, ನಾವೂ ತಿಳಿಯುವುದು ಬೇಡ. ಆದರೆ ಕೇಳಿದರೆ ಕೊಡುತ್ತಾರೆ ಎಂಬ ರುಚಿ ಆಕೆಗೆ ಅವತ್ತೇ ಹತ್ತಿತು. ಮುಂದಿನ ಸಲ ಕಂದೀಲು ಕೇಳಿದಳು, ಅದರ ಮುಂದಿನ ಸಲ ಕಡಗೋಲು. ಹೀಗೆ ಕೊಡ ಬಂತು, ಬೀಸುಕಲ್ಲು ಬಂತು. ಹೋದ ವರ್ಷ ದೀಪಾವಳಿಗೆ ಹೋದಾಗ, ತಾನೂ ಅಣ್ಣನೂ ಮಲಗಿ ಬೆಳೆದ ಕಟ್ಟಿಗೆಯ ತೊಟ್ಟಿಲು ಕೇಳಿದ್ದಳು. ಮಾಳವ್ವ ಉಡಿಯ ಅಕ್ಕಿ ಸರಿಮಾಡುತ್ತ, “ಅದೆಲ್ಲೈತ್ಯವ್ವ, ಗೆದ್ದಲ ಹಿಡದು ಯಾವಾಗೋ ಒಲಿ ಪಾಲಾತು,” ಎಂದಳು. ರಾಜಶ್ರೀಗೆ ಭಾಳ ಸಂಕಟವಾಯಿತು. ತೊಟ್ಟಿಲಿಲ್ಲದ್ದಕ್ಕೆ ಹಂಡೆ ಕೇಳಿದಳು.

ಈ ವರ್ಷ ಪಂಚಮಿ ಐತವಾರ ಬಂದಿತ್ತು. “ಐತವಾರ ಬರ್ತೇನಿ ವೈನಿ,” ಎಂದು ಫೋನಿನಲ್ಲಿ ಹೇಳಿಯೂ ಇದ್ದಳು. ಆದರೆ ಅದರ ಹಿಂದಿನ ಗುರುವಾರ ಬ್ಯಾಂಕಿನ ಕೆಲಸಕ್ಕೆ ಹುನಗುಂದಕ್ಕೆ ಹೋಗಬೇಕಾಯಿತು. ಕೆಲಸ ಮಧ್ಯಾಹ್ನಕ್ಕೇ ಮುಗಿಯಿತು. ಬೆಳಿಗ್ಗೆ ಬಸ್ಸು ಅಮೀನಗಡದಲ್ಲಿ ನಿಂತಾಗ ತೆಗೆದುಕೊಂಡ ಕರದಂಟಿನ ಡಬ್ಬಿ ಚೀಲದಲ್ಲಿತ್ತು. ಇಷ್ಟು ದೂರ ಬಂದು ತವರಿಗೆ ಹೋಗದಿರುವುದು ಹೇಗೆ? ಹೇಳದೆ ಕೇಳದೆ ಹೋಗಿ ನಿಂತರೆ ಎಲ್ಲರಿಗೂ ಖುಷಿಯಾಗುತ್ತದೆ ಎಂದುಕೊಂಡು ರಾಮಥಾಳದ ಬಸ್ಸು ಹತ್ತಿದಳು.

ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ರಾಜಶ್ರೀಗೆ ಒಂದು ಕ್ಷಣ ಬೇರೆ ಮನೆಗೆ ಬಂದೆನೇನೋ ಅನ್ನಿಸಿತು. ಅಲ್ಲ, ಬೇರೆ ಮನೆಯಲ್ಲ, ತನ್ನ ಮನೆಯೇ, ತಾನು ಸಣ್ಣವಳಿದ್ದಾಗಿನ ಮನೆ. ಪಡಸಾಲೆಯ ಗೂಡಿನಲ್ಲಿ ಅವ್ವ ಜೋಳ ಅಳೆಯುತ್ತಿದ್ದ ಸೇರು, ಪಾವು. ಮೂಲೆಯಲ್ಲಿ ಅವ್ವನ ದೊಡ್ಡ ಹಿತ್ತಾಳೆ ಪರಾತ. ಗೋಡೆಗೆ ಆನಿಸಿ ಒಂದರ ಮೇಲೊಂದು ಇಟ್ಟ ಅಡಕಲ ಗಡಿಗೆಗಳು. ಇವೆಲ್ಲ ಎಂದೋ ಒಡೆದವು, ಕಳೆದವು, ಯಾರೋ ಒಯ್ದವರು ತರಲಿಲ್ಲ ಎಂದು ಕೇಳಿ ಕೇಳಿ ಆಕೆ ಮರೆತೇಬಿಟ್ಟಿದ್ದಳು. ಅಪ್ಪ ತನ್ನ ಕಂಬಳಿಯ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದ. ಪಡಸಾಲೆಯ ನಡುವೆ ತೊಟ್ಟಿಲು. ಮಾಳವ್ವ ಈ ಕಡೆ ಬೆನ್ನು ಮಾಡಿ ಕೂತು ಅದರ ಕಾಲುಗಳಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು.

“ವೈನಿ,” ಎಂದಳು ರಾಜಶ್ರೀ.

ಮಾಳವ್ವ ತಿರುಗಿದಳು. ಮೊದಲು ಆಕೆ ಮಾಡಿದ ಕೆಲಸವೆಂದರೆ ಸೆರಗು ಎಳೆದು ತೊಟ್ಟಿಲಿನ ಮೇಲೆ ಹಾಕಿದ್ದು. ಅಷ್ಟು ದೊಡ್ಡ ತೊಟ್ಟಿಲು ಸೆರಗಿನಡಿ ಎಲ್ಲಿ ಮುಚ್ಚುತ್ತದೆ? ಆದರೂ ಹಾಕಿದಳು.

“ಯಾವಾಗ ಬಂದಿ ತಂಗಿ? ಐತವಾರ ಅಂದಿದ್ದೆಲ್ಲ?”

“ಹುನಗುಂದದಾಗ ಕೆಲಸ ಲಗೂ ಮುಗೀತು, ಬಂದ್ಯಾ. ತೊಟ್ಲ ಸಿಕ್ತೇನು ವೈನಿ? ಗೆದ್ದಲ ಹಿಡದಿತ್ತು ಅಂದಿದ್ದಿ.”

“ಅದು ಬ್ಯಾರೆ… ಇದು…” ಎಂದಳು ಮಾಳವ್ವ. ಆಕೆಗೆ ಸುಳ್ಳು ಹೇಳುವ ರೂಢಿಯಿಲ್ಲ. ಹೇಳಿದ ಒಂದೆರಡನ್ನೂ ಎಷ್ಟೋ ದಿನ ಮೊದಲೇ ಜೋಡಿಸಿಟ್ಟುಕೊಂಡು ಹೇಳಿದವಳು.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ದನಿ ಬಂತು. ಪಕ್ಕದ ಮನೆಯ ಲಾಡಬಿ. ರಾಮವ್ವನ ಕಾಲದಿಂದ ಎರಡೂ ಮನೆಗೆ ನಡುವಿನ ಗೋಡೆ ಒಂದೇ, ಹಿತ್ತಲೂ ಒಂದೇ. ಲಾಡಬಿಯ ರೀತಿ ಏನೆಂದರೆ ಮಾತು ಮೊದಲು ಬರುತ್ತದೆ, ಮನುಷ್ಯಳು ಆಮೇಲೆ ಬರುತ್ತಾಳೆ.

“ಮಾಳವ್ವಾ, ಪಂಚಮಿ ಸಾಮಾನ ಇವತ್ತಽ ದಾಟಿಸಿಬಿಡವಾ. ನಾಳೆ ನಾ ಇಳಕಲ್ಲಿಗೆ ಹೊಂಟೇನಿ, ತಂಗಿ ಮನಿಗೆ. ಕ್ವಾಣಿಗೆ ಕೀಲಿ ಹಾಕ್ಕೊಂಡು ಹೋಗ್ತೇನಿ. ನಿಮ್ಮ ನಾದಿನಿ ಬಂದು ಹ್ವಾದ ಮ್ಯಾಲ ತಗೊಂಡ್ರಾತು. ಮೊದಲ ತೊಟ್ಲ ಕೊಡು, ಅದಽ ದೊಡ್ಡದು. ಹ್ವಾದ ಸಲ ಗಡಿಗಿ ಮುಂದಿಟ್ಟು ತೊಟ್ಲ ಒಳಗ ಒಯ್ಯಾಕ ಬರದಂಗಾಗಿತ್ತು.”

ಇಷ್ಟು ಹೇಳಿ ಮುಗಿಸಿದ ಮೇಲೆ ಲಾಡಬಿ ಪಡಸಾಲೆಗೆ ಕಾಲಿಟ್ಟಳು, ರಾಜಶ್ರೀಯನ್ನು ನೋಡಿದಳು. ಮಾಳವ್ವ ಎಣ್ಣೆಯ ಬಟ್ಟಲಿನೊಳಗೆ ನೋಡುತ್ತ ಕೂತಳು.

“ಯಾವಾಗ ಬಂದಿ ರಾಜವ್ವ?” ಎಂದಳು ಲಾಡಬಿ ಕೊನೆಗೆ. “ಭಾಳ ಸೊರಗೀಯಲ್ಲ.” ರಾಜಶ್ರೀ ಸೊರಗುವ ಪೈಕಿಯವಳಲ್ಲ, ಅದು ಮೂವರಿಗೂ ಗೊತ್ತಿತ್ತು. ಲಾಡಬಿ ಬಂದ ದಾರಿಯಲ್ಲೇ ಹಿಂದೆ ಸರಿದಳು.

ರಾಜಶ್ರೀ ದಡ್ಡಿಯಲ್ಲ. ಪಂಚಮಿ ಸಾಮಾನು ಎಂಬ ಹೆಸರೇ ಇತ್ತಲ್ಲ ಅದಕ್ಕೆ, ಹಾಗಾದರೆ ದೀಪಾವಳಿ ಸಾಮಾನೂ ಇರಬೇಕು, ಯುಗಾದಿಯದೂ ಇರಬೇಕು. ತಾನು ಬರುತ್ತೇನೆಂದು ಫೋನು ಮಾಡಿದಾಗಲೆಲ್ಲ ಈ ಮನೆಯಲ್ಲಿ ಒಬ್ಬರು ಗಡಿಗೆ ಎತ್ತುತ್ತಾರೆ, ಒಬ್ಬರು ಪರಾತ ಹೊರುತ್ತಾರೆ, ಹಿತ್ತಲಿನಿಂದ ದಾಟಿಸಿ ಪಕ್ಕದ ಮನೆಯ ಕತ್ತಲೆ ಕೋಣೆಗೆ ಇಡುತ್ತಾರೆ. ಬೆಕ್ಕು ಬರುತ್ತದೆಂದು ಹಾಲು ಎತ್ತಿಡುವ ಹಾಗೆ. ಬೋಳು ಗೂಡುಗಳನ್ನು ನೋಡಿ ವೈನಿಗೆ ಸಾಮಾನಿನ ಕಿಮ್ಮತ್ತು ಗೊತ್ತಿಲ್ಲ ಎಂದುಕೊಂಡಿದ್ದಳು. ಅಂದುಕೊಂಡಿದ್ದಷ್ಟೇ ಅಲ್ಲ, ನಗುತ್ತ ನಗುತ್ತ ಎಷ್ಟು ಜನರ ಮುಂದೆ ಹೇಳಿದ್ದಳು. ಆ ನಗು ನೆನಪಾಗಿ ರಾಜಶ್ರೀಯ ಕಿವಿ ಬಿಸಿಯಾದವು. ನೆಲ ಬಾಯಿ ಬಿಟ್ಟರೆ ಒಳಗೆ ಹೋಗಬೇಕು ಅನ್ನಿಸಿತು.

ಮಾತಿನ ಸಪ್ಪಳಕ್ಕೆ ಹನಮಂತಪ್ಪ ಎದ್ದು ಕೂತ. ಕಣ್ಣು ಕಿರಿದು ಮಾಡಿ ನೋಡಿದ. “ಯಾರು, ರಾಜೂ ಬಂದಾಳೇನು? ಏನ ಒಯ್ಯಾಕ ಬಂದಾಳ?”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಚುಚ್ಚು ಇರಲಿಲ್ಲ. ಬಂದವರನ್ನು ಆರಾಮೇ ಎಂದು ಕೇಳುವ ಹಾಗೆ ಕೇಳಿದ್ದ. ಚುಚ್ಚಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು. ರಾಜಶ್ರೀ ಕರದಂಟಿನ ಡಬ್ಬಿಯನ್ನು ಅಪ್ಪನ ಮುಂದೆ ಇಟ್ಟು, “ಏನಿಲ್ಲಪ್ಪ, ನಿನ್ನ ನೋಡಾಕ ಬಂದೇನಿ,” ಎಂದಳು. ತನ್ನ ದನಿ ತನಗೇ ಸುಳ್ಳೆನಿಸಿತು.

ಕಾಲು ತೊಳೆಯಲು ಬಚ್ಚಲಿಗೆ ಹೋದಳು. ಹಂಡೆ ಹೂತಿದ್ದ ಒಲೆಯ ಮೇಲೆ ಪೇಂಟಿನ ತಗಡಿನ ಡಬ್ಬಿ ಕೂತಿತ್ತು, ಹೊಗೆಗೆ ಕಪ್ಪಾಗಿ. ಹಂಡೆಗೆಂದು ಕಟ್ಟಿದ ಒಲೆಯ ಬಾಯಿ ಅದಕ್ಕೆ ದೊಡ್ಡದಾಗಿ ಸುತ್ತಲೂ ಇಟ್ಟಂಗಿ ತುಣುಕು ಇಟ್ಟಿದ್ದರು. ಈ ಡಬ್ಬಿಯಲ್ಲಿ ಒಬ್ಬರ ಜಳಕಕ್ಕಾಗುವಷ್ಟು ನೀರು ಕಾಯುತ್ತದೆ. ಮುದುಕ ಅಪ್ಪನಿಗೆ ಮೊದಲು, ಆಮೇಲೆ ಮತ್ತೆ ಉರಿ ಹಾಕಿ ಉಳಿದವರಿಗೆ. ನವನಗರದಲ್ಲಿ ಮನಿಪ್ಲಾಂಟ್ ಮಾತ್ರ ತಾಮ್ರದ ಹಂಡೆಯಲ್ಲಿ ತಣ್ಣಗಿತ್ತು. ರಾಜಶ್ರೀ ಕಾಲಿಗೆ ತಣ್ಣೀರೇ ಹಾಕಿಕೊಂಡಳು.

ಹೊರಗೆ ಬಂದಾಗ ಮಾಳವ್ವ ಚಹಾ ಇಟ್ಟಿದ್ದಳು. ಕಪ್ಪು ಕೊಡುತ್ತ, ನೆಲ ನೋಡುತ್ತ ಹೇಳಿದಳು: “ಹೊನ್ನವ್ವಗ ಏಳು ತುಂಬ್ಯಾವ ತಂಗಿ. ಬಾಣಂತನಕ್ಕ ಇಲ್ಲೇ ಬರ್ತಾಳ. ಅದಕ್ಕ ತೊಟ್ಲ ತಗದಿದ್ದೆ.” ಹೊನ್ನವ್ವ ಮಾಳವ್ವನ ಮಗಳು, ಒಬ್ಬಳೇ ಮಗಳು. ಆಕೆ ಬಸುರಿ ಎಂಬುದು ಸೋದರತ್ತೆಗೆ ಈಗ ಗೊತ್ತಾಗುತ್ತಿದೆ. ನನಗ್ಯಾಕೆ ಹೇಳಲಿಲ್ಲ ಎಂಬ ಮಾತು ರಾಜಶ್ರೀಯ ತುದಿ ನಾಲಿಗೆಗೆ ಬಂತು, ಆದರೆ ಕೇಳಲಿಲ್ಲ. ಬಸುರಿನ ಸುದ್ದಿ ಹೇಳಿದರೆ ತೊಟ್ಟಿಲಿನ ಮಾತು ಬರುತ್ತದೆ, ಅದಕ್ಕೆ ಹೇಳಿರಲಿಲ್ಲ.

ಬೀರಲಿಂಗ ಹೊಲದಿಂದ ಬಂದ. ತಂಗಿಯನ್ನು ನೋಡಿ ನಕ್ಕ, ತೊಟ್ಟಿಲನ್ನು ನೋಡಿದ, ಹೆಂಡತಿಯನ್ನು ನೋಡಿದ, ನಗು ಅರ್ಧಕ್ಕೇ ನಿಂತಿತು. ರಾಜಶ್ರೀ ಸಂಜೆಯ ಬಸ್ಸಿಗೇ ಹೋಗುತ್ತೇನೆಂದಳು. ಬಂದ ಮಗಳನ್ನು ಬರಿ ಉಡಿಯಲ್ಲಿ ಕಳಿಸುವುದುಂಟೇ? ಮಾಳವ್ವ ಜಗಲಿಯ ಮುಂದೆ ಚಾಪೆ ಹಾಸಿದಳು.

ಭಂಡಾರ ಹಚ್ಚಿದ್ದಾಯಿತು. ಅಕ್ಕಿ ಬಿತ್ತು, ಕಾಯಿ ಬಿತ್ತು, ಖಣ ಬಿತ್ತು. ಎಲ್ಲ ಹಾಕಿದ ಮೇಲೆ ಮಾಳವ್ವ ಉಡಿಯ ಅಕ್ಕಿಯನ್ನು ಮತ್ತೆ ಮತ್ತೆ ಸರಿಮಾಡಿದಳು. ಆ ಮಾತು ಕೇಳದೆ ಎದ್ದುಬಿಡಲೇ ಎಂದು ಆಕೆಗೆ ಅನ್ನಿಸಿರಬೇಕು. ಆದರೆ ಅತ್ತೆ ನಡೆಸಿಕೊಂಡು ಬಂದ ರೀತಿ, ಬೀರಪ್ಪ ಎದುರಿಗಿದ್ದಾನೆ. ಬೀರಲಿಂಗ ಕಂಬಕ್ಕೆ ಆನಿಕೊಂಡು ನಿಂತು ತನ್ನ ಕಾಲಬೆರಳು ನೋಡುತ್ತಿದ್ದ.

“ಮತ್ತೇನ ಬೇಕು,” ಎಂದಳು ಮಾಳವ್ವ. ತೊಟ್ಟಿಲಿನ ಕಡೆ ಹೋಗುತ್ತಿದ್ದ ಕಣ್ಣನ್ನು ಎಳೆದು ತಂದು ನಾದಿನಿಯ ಮೇಲಿಟ್ಟಳು. “ಕೇಳ ಮಗಳ.”

ಹೇಳಬೇಕಾದ ಮಾತು ರಾಜಶ್ರೀಗೆ ಗೊತ್ತಿತ್ತು. ಎಷ್ಟೋ ವರ್ಷ ಹೇಳಿರಲಿಲ್ಲ, ಅದಕ್ಕೆ ಬಾಯಿಗೆ ಲಗೂ ಬರಲಿಲ್ಲ. ಆಕೆ ಸುಮ್ಮನಿದ್ದಷ್ಟು ಹೊತ್ತು ಮನೆಯವರು ಉಸಿರು ಹಿಡಿದು ನಿಂತಿದ್ದರು. ತಾನು ಬಾಯಿ ತೆರೆದರೆ ಹೆದರುವ ಜನ ಈ ಭೂಮಿಯ ಮೇಲೆ ಇದ್ದಾರೆ, ಅವರು ತನ್ನ ತವರಿನವರು. ಅದು ತಿಳಿದ ಮೇಲೆ ದನಿ ಇನ್ನೂ ಒಳಗೆ ಹೋಯಿತು.

“ನಿಮ್ಮ… ನೆಳ್ಳಿದ್ರ ಸಾಕು ವೈನಿ.”

ಮಾಳವ್ವನ ಉಸಿರು ಹೊರಗೆ ಬಂದದ್ದು ಎಲ್ಲರಿಗೂ ಕೇಳಿಸಿತು. ಬೀರಲಿಂಗ ಕಂಬ ಬಿಟ್ಟು ನೆಟ್ಟಗೆ ನಿಂತ. ಇದ್ದಕ್ಕಿದ್ದಂತೆ ಭಾಳ ಉದಾರಿಯಾಗಿ, “ಕರದಂಟು ಭಾಳ ಛಲೋ ಅದಾವ ತಂಗಿ, ಎಲ್ಲಿ ತಗೊಂಡಿ?” ಎಂದ. ಡಬ್ಬಿಯನ್ನು ಇನ್ನೂ ಯಾರೂ ತೆರೆದಿರಲಿಲ್ಲ. ಲಾಡಬಿಯ ಮಾತಿಗಿಂತ, ಅಪ್ಪನ ಮಾತಿಗಿಂತ ಆ ಸಮಾಧಾನವೇ ರಾಜಶ್ರೀಗೆ ಹೆಚ್ಚು ಚುಚ್ಚಿತು. ಬಸ್ಸಿನಲ್ಲಿ ಅಮೀನಗಡ ದಾಟುವವರೆಗೂ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು.

ಮನೆಗೆ ಬಂದು ಆ ಕೋಣೆಯ ದೀಪ ಆರಿಸಿದಳು, ಮತ್ತೆ ಹಚ್ಚಲಿಲ್ಲ. ಗೆಳತಿಯರು ಬಂದರೆ ಕೀಲಿ ಕಳೆದಿದೆ ಎಂದಳು. ಪಂಚಮಿಗೆ ಹೋಗಲಿಲ್ಲ, ದಸರೆಗೂ ಹೋಗಲಿಲ್ಲ. ಹೊನ್ನವ್ವ ಹೆಣ್ಣು ಹಡೆದ ಸುದ್ದಿ ಫೋನಿನಲ್ಲೇ ಬಂತು. ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಬಾ ಎಂದು ಬೀರಲಿಂಗ ಕರೆದ. “ಆಡಿಟ್ ಐತಿ ಅಣ್ಣ, ಆಗಂಗಿಲ್ಲ ಕಾಣ್ತೈತಿ,” ಎಂದಳು. “ಹೌದಾ, ಇರ್ಲಿ ಬಿಡವ್ವ, ಕೆಲಸ ಮುಖ್ಯ,” ಎಂದುಬಿಟ್ಟ, ಒಂದು ಸಲವೂ ಒತ್ತಾಯ ಮಾಡದೆ. ತಾನು ಹೋಗದಿದ್ದರೆ ಮೊಮ್ಮಗಳ ಹೆಸರಿಡುವ ದಿನ ತೊಟ್ಟಿಲು ಎತ್ತಿ ಅಡಗಿಸುವ ಕಷ್ಟ ಮನೆಯವರಿಗೆ ಇರುವುದಿಲ್ಲ ಎಂದು ರಾಜಶ್ರೀ ತಿಳಿದುಕೊಂಡಳು. ಕೂಸಿಗೆ ತನ್ನ ಕಡೆಯಿಂದ ಅದೇ ಉಡುಗೊರೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಬ್ಯಾಂಕಿನಲ್ಲಿ ಸುಮ್ಮನೆ ಕೂತಳು. ಆಡಿಟ್ ಇರಲಿಲ್ಲ.

“ಹೊಳ್ಳಿ ಕೊಟ್ಟು ಬಂದ್ರ ಮುಗೀತಲ್ಲ,” ಎಂದ ಕಲ್ಲೇಶ ಒಂದು ದಿನ, ಮೂದಲಿಸದೆ, ಮೆಲ್ಲಗೆ. ಒಯ್ದದ್ದನ್ನು ತಿರುಗಿ ಕೊಡುವುದು, ಎಷ್ಟು ಸಾದಾ ಮಾತು. ರಾಜಶ್ರೀಗೆ ಜೀವ ಬಂದ ಹಾಗಾಯಿತು.

ಲಾಡಬಿಯ ಮಗ ಮುನಾಫ ಹುನಗುಂದದಲ್ಲಿ ಟೆಂಪೋ ಹೊಡೆಯುತ್ತಾನೆ. ಬಾಗಲಕೋಟೆಗೆ ದಿನಾ ಬಂದು ಹೋಗುವವನು. “ನಾಳೆ ನಿನ್ನ ಗಾಡಿ ತಗೊಂಡು ರಾಮಥಾಳಕ್ಕ ಹೋಗೂದೈತಿ, ಬಾ,” ಎಂದು ಫೋನು ಮಾಡಿದಳು. ಯಾಕೆಂದು ಹೇಳಲಿಲ್ಲ, ಬಾಯಿ ಬರಲಿಲ್ಲ. ಮರುದಿನ ಬಂದ ಮುನಾಫ, ಕೋಣೆಯೊಳಗಿನ ಸಾಮಾನನ್ನೆಲ್ಲ ಗಾಡಿಗೆ ಹಾಕಬೇಕು ಎಂದು ರಾಜಶ್ರೀ ಹೇಳಿದಾಗ ಆಕೆಯ ಮುಖ ನೋಡಿದ. “ಇವನ್ನ ಅಲ್ಲಿಗೆ ಒಯ್ಯೂದೇನಕ್ಕಾ?” ಎಂದ. ಹೌದೆಂದಾಗ ಏನೋ ಹೇಳಲು ಹೋಗಿ ನಿಲ್ಲಿಸಿದ. ದಾರಿಯುದ್ದಕ್ಕೂ ಕಿಸೆಯಿಂದ ಫೋನು ತೆಗೆಯುವುದು, ಪಕ್ಕದಲ್ಲಿ ಕೂತ ರಾಜಶ್ರೀಯನ್ನು ನೋಡಿ ಮತ್ತೆ ಇಡುವುದು, ಇದೇ ಆಯಿತು.

ಅವನ ಸಂಕಟ ಏನೆಂದು ಮನೆಯೊಳಗೆ ಕಾಲಿಟ್ಟಾಗ ತಿಳಿಯಿತು. ಹಿಂದಿನ ದಿನವೇ ಅವನು ತಾಯಿಗೆ, ರಾಜಕ್ಕ ನಾಳೆ ಟೆಂಪೋ ತಗೊಂಡು ಬರ್ತಾಳೆ ಎಂದು ಹೇಳಿದ್ದ. ಕೈಚೀಲ ಹಿಡಿದು ಬಂದಾಗಲೇ ಬೀಸುಕಲ್ಲು ಒಯ್ದವಳು ಟೆಂಪೋ ತಗೊಂಡು ಬಂದರೆ ಏನು ಉಳಿಯುತ್ತದೆ? ಪಡಸಾಲೆಯಲ್ಲಿ ಏನೆಂದರೆ ಏನೂ ಇರಲಿಲ್ಲ. ಗಡಿಗೆಯಿಲ್ಲ, ಪರಾತವಿಲ್ಲ, ಗೂಡು ಖಾಲಿ. ಅಪ್ಪನ ಕಂಬಳಿಯನ್ನೂ ಬಿಟ್ಟಿರಲಿಲ್ಲ. ಹನಮಂತಪ್ಪ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಎಲ್ಲಿ ಒರಗಬೇಕೆಂದು ತಿಳಿಯದೆ, ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮಾಳವ್ವ ಬಾಗಿಲಲ್ಲಿ ನಿಂತು, “ಬಾ ತಂಗಿ,” ಎಂದು ನಕ್ಕಳು. ಅಂಥ ನಗು ನಗಲು ಎಷ್ಟು ಕಷ್ಟವೆಂದು ನೋಡಿದವರಿಗೇ ಗೊತ್ತಾಗುವ ಹಾಗಿತ್ತು.

“ಹೊನ್ನವ್ವ ಎಲ್ಲಿ ವೈನಿ? ಕೂಸಿನ ನೋಡಬೇಕು.”

“ಕೂಸಿಗೆ ಸ್ವಲ್ಪ ಕೆಮ್ಮಾಗಿತ್ತು. ದವಾಖಾನಿಗೆ ಹೋಗ್ಯಾರ,” ಎಂದಳು ಮಾಳವ್ವ, ಬೇರೆ ಕಡೆ ನೋಡುತ್ತ.

ರಾಜಶ್ರೀ ಅಣ್ಣನ ಹತ್ತಿರ ಹೋದಳು. “ನಾ ಒಯ್ಯಾಕ ಬಂದಿಲ್ಲಣ್ಣ. ಹೊಳ್ಳಿ ಕೊಡಾಕ ಬಂದೇನಿ. ಹಂಡೆ, ಬೀಸುಕಲ್ಲು, ಎಲ್ಲಾ ತಂದೇನಿ.”

ಬೀರಲಿಂಗ ಓಣಿಗಿಳಿದು ಟೆಂಪೋದೊಳಗೆ ಇಣುಕಿದ. ಅವನ ಮುಖ ಅರಳುತ್ತದೆಂದು ರಾಜಶ್ರೀ ಕಾದಳು. ಅದು ಕಪ್ಪಿಟ್ಟಿತು.

“ಇದೇನ ಹುಚ್ಚು ಹಚ್ಚೀ? ಉಡಿಗೆ ಹಾಕಿದ್ದು ಹೊಸ್ತಲ ದಾಟಿ ಹೊಳ್ಳಿ ಬಂದ್ರ ಮಗಳಿಗೂ ಮನಿಗೂ ಸಂಬಂಧ ಹರೀತು ಅಂತ. ಅಪ್ಪ ಇನ್ನಾ ಕುಂತಾನಲ್ಲಿ. ನಾ ಒಂದ ಸಾಮಾನ ಸುದ್ದಾ ಇಳಿಸಗೊಡಂಗಿಲ್ಲ.”

“ಅಣ್ಣಾ, ನಂದು ತಪ್ಪಾಗೈತಿ. ಗೊತ್ತಾಗಲಿಲ್ಲ ನನಗ.”

“ತಪ್ಪು ಗಿಪ್ಪು ಯಾರಂದಾರ? ನಾವೇನಾರ ಕೇಳೀವೇನು ನಿನ್ನ? ಕೊಟ್ಟದ್ದು ಕೊಟ್ಟಾತು. ಒಯ್ದು ನಿನ್ನ ಮನ್ಯಾಗ ಇಟಗೋ.”

ಓಣಿಯ ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತಿದ್ದರು. ತುಂಬಿದ ಟೆಂಪೋ, ತಲೆ ತಗ್ಗಿಸಿ ನಿಂತ ನವನಗರದ ಮಗಳು. ಯಾರಿಗೂ ಏನೂ ಬಿಡಿಸಿ ಹೇಳುವ ಅವಶ್ಯಕತೆ ಇರಲಿಲ್ಲ. ದಾಟಿಸುವ ಸಾಮಾನನ್ನು ಇಷ್ಟು ವರ್ಷ ಎಲ್ಲರೂ ನೋಡಿಯೇ ಇದ್ದರಲ್ಲ. ಒಯ್ಯುವಾಗ ಬಾರದ ನಾಚಿಕೆ ಈಗ ಇಡೀ ಓಣಿಯೆದುರು ಬಂದು ರಾಜಶ್ರೀಯ ಮೈಮೇಲೆ ಕೂತಿತು.

ಲಾಡಬಿ ತನ್ನ ಕಟ್ಟೆಯಿಂದ ಇಳಿದು ಬಂದಳು. “ಬೀರಲಿಂಗಾ, ನಮ್ಮ ಕಟ್ಟಿ ಮ್ಯಾಲ ಇಳಿಸು. ನಮ್ಮ ಮನಿಗೇನೂ ಈ ಉಡಿ ಲೆಕ್ಕ ಇಲ್ಲ. ನನಗ ಕೊಟ್ಟಾಳ ಅಂತ ತಿಳಿ. ಮಾಳವ್ವ ಬೇಕಾದಾಗ ಬಂದು ಒಯ್ತಾಳ, ದಿನಾ ಬರಾಕಿನಽ ಅದಾಳ.”

ಬೀರಲಿಂಗ ಅಪ್ಪನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಆಮೇಲೆ ಟೆಂಪೋ ಹತ್ತಿ ಬೀಸುಕಲ್ಲಿಗೆ ಕೈ ಹಾಕಿದ. ಮುನಾಫ ಆ ಕಡೆ ಹಿಡಿದ. ರಾಜಶ್ರೀ ಹಂಡೆಯನ್ನು ತಾನೇ ಎತ್ತಿಕೊಂಡಳು. ಭಾರ ಇತ್ತು, ಆದರೂ ಯಾರಿಗೂ ಕೊಡಲಿಲ್ಲ. ಬಂದಾಗಿನಿಂದ ಕೈಗೆ ಸಿಕ್ಕ ಒಂದೇ ಒಂದು ಕೆಲಸ ಅದು.

“ಒಳಗ ಬ್ಯಾಡ ತಂಗಿ, ಕಟ್ಟಿ ಮ್ಯಾಲ ಇಡು,” ಎಂದಳು ಮಾಳವ್ವ ಹಿಂದಿನಿಂದ.

“ಇರ್ಲಿ ವೈನಿ, ಬಿಸಲಾಗ ಯಾಕ.”

“ಕಟ್ಟಿ ಮ್ಯಾಲಽ ಇರ್ಲೆವಾ ರಾಜವ್ವ,” ಎಂದಳು ಲಾಡಬಿಯೂ.

ತನಗೆ ಭಾರವಾಗುತ್ತದೆಂದು ಹೇಳುತ್ತಿದ್ದಾರೆ ಎಂದುಕೊಂಡಳು. ಅವ್ವನ ಹಂಡೆಯನ್ನು ಓಣಿಯಲ್ಲಿ ಇಟ್ಟು ಹೋಗುವುದು ಆಕೆಗೆ ಬೇಡವಾಗಿತ್ತು, ಒಳಗೆ ನೆಟ್ಟಗೆ ಇಟ್ಟು ಬರಬೇಕು. ಮೊಣಕೈಯಿಂದ ಲಾಡಬಿಯ ಬಾಗಿಲಿನ ಪರದೆ ಸರಿಸಿ, ನಡುಮನೆ ದಾಟಿ, ಹಿಂದಿನ ಕೋಣೆಯ ಬಾಗಿಲು ದೂಡಿದಳು.

ಕೋಣೆಯಲ್ಲಿ ಬೆಳಕು ಕಡಿಮೆ. ಅಡಕಲ ಗಡಿಗೆಗಳು, ಪರಾತ, ಸೇರು, ಪಾವು, ಮಡಿಸಿಟ್ಟ ಅಪ್ಪನ ಕಂಬಳಿ, ಎಲ್ಲ ಅಲ್ಲಿದ್ದವು. ಜಂತಿಗೆ ತೊಟ್ಟಿಲು ಕಟ್ಟಿತ್ತು. ತೊಟ್ಟಿಲಲ್ಲಿ ಕೂಸು ಮಲಗಿತ್ತು. ಹಗ್ಗ ಹಿಡಿದು ನೆಲಕ್ಕೆ ಕೂತಿದ್ದ ಹೊನ್ನವ್ವ, ಬಾಗಿಲಲ್ಲಿ ಅತ್ತೆಯನ್ನು ಕಂಡವಳೇ ಹಗ್ಗ ಬಿಟ್ಟು ಎದ್ದು ನಿಂತಳು. ಎರಡು ಹೆಜ್ಜೆ ಬಂದು ತೊಟ್ಟಿಲಿಗೂ ಅತ್ತೆಗೂ ನಡುವೆ ನಿಂತಳು.

“ಅತ್ತೀ, ಇದು ನಮ್ಮದಲ್ಲ,” ಎಂದಳು. “ಲಾಡಬಿ ಆಯಿ ತೊಟ್ಲ ಇದು. ಖರೇನಽ.”

ತೊಟ್ಟಿಲಿನ ಅಂಚಿನ ಮೇಲೆ ಕೆತ್ತಿದ ಗಿಳಿಗಳು ಹೊನ್ನವ್ವನ ಹೆಗಲಾಚೆಗೆ ಕಾಣುತ್ತಿದ್ದವು. ತನಗೆ ಮಾತು ಬರುವ ಮೊದಲೇ, ಕೂಸಾಗಿ ಅದರಲ್ಲಿ ಮಲಗಿ ರಾಜಶ್ರೀ ಕಂಡ ಗಿಳಿಗಳು ಅವು.

“ಹೌದವ್ವ, ಗೊತ್ತೈತಿ. ಲಾಡಬಿ ಆಯೀದು,” ಎಂದಳು. “ತೂಗು, ಕೂಸು ಏಳತೈತಿ.”

ಹೊನ್ನವ್ವ ಕದಲಲಿಲ್ಲ. ರಾಜಶ್ರೀ ಬಗ್ಗಿ ಹಂಡೆಯನ್ನು ಸಪ್ಪಳವಾಗದಂತೆ ನೆಲಕ್ಕಿಟ್ಟಳು, ಕೂಸಿನ ಮುಖ ನೋಡಬೇಕೆಂದಿದ್ದನ್ನು ನೋಡಲಿಲ್ಲ, ಬಾಗಿಲು ಎಳೆದುಕೊಂಡು ಹೊರಟಳು. ಆಕೆ ನಡುಮನೆ ದಾಟಿ ಕಟ್ಟೆಯ ಮೇಲೆ ಬಂದು ನಿಲ್ಲುವವರೆಗೂ ತೊಟ್ಟಿಲು ತೂಗುವ ಸಪ್ಪಳ ಕೇಳಲಿಲ್ಲ.